ಬಾರಕನೂರಿನಿಂದ ಬಾರಕೂರಿಗೆ: ಕುಂದಾಪುರ ಸೀಮೆಯ ಊರ ಹೆಸರುಗಳ ಚರಿತ್ರೆ

ಪೀಠಿಕೆ

ಒಂದು ಊರಿನ ಹೆಸರು ಆ ಊರಿನ ಅತ್ಯಂತ ಹಳೆಯ ದಾಖಲೆ. ಕೋಟೆ ಕುಸಿಯುತ್ತದೆ, ದೇವಾಲಯ ಜೀರ್ಣೋದ್ಧಾರಗೊಂಡು ಹಳೆಯ ರೂಪವನ್ನು ಕಳೆದುಕೊಳ್ಳುತ್ತದೆ, ಶಾಸನದ ಕಲ್ಲು ಬಟ್ಟೆ ಒಗೆಯುವ ಹಾಸಾಗುತ್ತದೆ. ಹೆಸರು ಮಾತ್ರ ಜನರ ನಾಲಗೆಯ ಮೇಲೆ ಉಳಿದು ಬರುತ್ತದೆ. ಆದರೆ ಹಾಗೆ ಉಳಿದು ಬರುವಾಗ ಅದು ತನ್ನ ಮೊದಲಿನ ರೂಪದಲ್ಲಿಯೇ ಇರುವುದಿಲ್ಲ. ಆಳುವವರು, ಆರಾಧಿಸುವವರು, ವ್ಯಾಪಾರಕ್ಕೆ ಬಂದವರು, ಕಂದಾಯ ವಸೂಲಿ ಮಾಡಿದವರು ಎಲ್ಲರೂ ಅದರ ಮೇಲೆ ತಮ್ಮ ಗುರುತನ್ನು ಬಿಟ್ಟಿರುತ್ತಾರೆ. ಈ ಗುರುತುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದೇ ಸ್ಥಳನಾಮ ಅಧ್ಯಯನದ ಕೆಲಸ.

ಪ್ರಸ್ತುತ ಲೇಖನವು ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಕೆಲವು ಊರುಗಳ ಹೆಸರುಗಳನ್ನು, ಅದರಲ್ಲಿಯೂ ಮುಖ್ಯವಾಗಿ ಬಾರಕೂರಿನ ಹೆಸರನ್ನು ಪರಿಶೀಲಿಸುತ್ತದೆ. ಈ ವಿಚಾರದಲ್ಲಿ ಸಾಮಾನ್ಯವಾಗಿ ಎರಡು ನಿಲುವುಗಳನ್ನು ಕಾಣುತ್ತೇವೆ. ಜನಪದರು ಹೆಸರಿಗೆ ಹೇಳುವ ಕಥೆಯನ್ನೇ ಚರಿತ್ರೆಯೆಂದು ಒಪ್ಪಿಕೊಳ್ಳುವುದು ಒಂದು. ಆ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕಿ ಶಾಸನದಲ್ಲಿರುವ ರೂಪವೊಂದೇ ನಿಜವೆಂದು ಹೇಳುವುದು ಇನ್ನೊಂದು. ಈ ಎರಡೂ ನಿಲುವುಗಳು ಅಪೂರ್ಣವೆಂಬುದು ನನ್ನ ಅಭಿಪ್ರಾಯ. ಶಾಸನದ ರೂಪವೂ ಒಂದು ಕಾಲದ ಒಂದು ವರ್ಗದ ವ್ಯಾಖ್ಯಾನವೇ ಆಗಿರಬಹುದು. ಕಟ್ಟುಕಥೆಯೂ ತಾನು ಹುಟ್ಟಿದ ಕಾಲದ ಬಗೆಗೆ ಸಾಕ್ಷ್ಯ ನುಡಿಯಬಹುದು. ಇದನ್ನು ಸ್ಪಷ್ಟಪಡಿಸಿಕೊಳ್ಳಲು ಮೊದಲಿಗೆ ದೂರದ ಊರೊಂದರ ನಿದರ್ಶನವನ್ನು ನೋಡುವುದು ಅನುಕೂಲ.

ಒಂದು ತೌಲನಿಕ ನಿದರ್ಶನ

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಹೆಸರನ್ನು ಕೇಳಿದವರಿಗೆ 'ಕ್ಯಾಮ್' ಎಂಬ ನದಿಗೆ ಕಟ್ಟಿದ ಸೇತುವೆಯ ಊರು ಎಂಬ ಅರ್ಥ ಸಹಜವಾಗಿಯೇ ಹೊಳೆಯುತ್ತದೆ. ಆದರೆ ಚರಿತ್ರೆ ಇದಕ್ಕೆ ವಿರುದ್ಧವಾಗಿದೆ. ಆ ನದಿಯ ಹಳೆಯ ಹೆಸರು ಗ್ರಾಂಟ. ಕ್ರಿ.ಶ. 731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡ್ ಎಂಬ ಸಂನ್ಯಾಸಿ ಈ ಸ್ಥಳವನ್ನು 'ಗ್ರಾಂಟಕೆಸ್ಟಿರ್' ಎಂಬ ಪಾಳುಬಿದ್ದ ಚಿಕ್ಕ ಪಟ್ಟಣವೆಂದು ಕರೆದಿದ್ದಾನೆ. ಈಲಿ ಎಂಬ ಊರಿನ ಸಂನ್ಯಾಸಿಗಳು ತಮ್ಮ ಸಂತಳ ಶವಪೆಟ್ಟಿಗೆಗೆ ಕಲ್ಲು ಹುಡುಕುತ್ತ ಅಲ್ಲಿಗೆ ಬಂದರೆಂಬುದು ಅವನು ಹೇಳುವ ಪ್ರಸಂಗ. ಕ್ರಿ.ಶ. 875ರ ಘಟನೆಯನ್ನು ಹೇಳುವ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿ 'ಗ್ರಾಂಟೆಬ್ರಿಜ್' ಎಂಬ ರೂಪವಿದೆ; ಎಂದರೆ ಗ್ರಾಂಟ ನದಿಯ ಸೇತುವೆ. 1086ರ ಭೂದಾಖಲೆಯಲ್ಲಿ 'ಗ್ರೆಂಟೆಬ್ರಿಜ್' ಎಂದಿದೆ. ನಾರ್ಮನ್ನರ ಆಳ್ವಿಕೆಯಲ್ಲಿ ಅವರ ಉಚ್ಚಾರಣೆಗೆ ಒಗ್ಗಿ 12ನೆಯ ಶತಮಾನದಲ್ಲಿ 'ಕ್ಯಾಂಟೆಬ್ರಿಜ್' ಆಗಿ, ಮುಂದೆ ಸವೆದು 'ಕೇಂಬ್ರಿಜ್' ಆಯಿತು. ಊರಿನ ಹೆಸರು ಹೀಗೆ ಬದಲಾದ ಮೇಲೆ, ಸೇತುವೆಯ ಹೆಸರಿನಲ್ಲಿರುವ ಮೊದಲ ಭಾಗವೇ ನದಿಯ ಹೆಸರಾಗಿರಬೇಕೆಂಬ ತರ್ಕದಿಂದ ನದಿಯನ್ನು 'ಕ್ಯಾಮ್' ಎಂದು ಕರೆಯಲಾಯಿತು. ನದಿಯಿಂದ ಹುಟ್ಟಿದ ಊರಿನ ಹೆಸರು ತಿರುಗಿ ನದಿಗೇ ಹೊಸ ಹೆಸರನ್ನಿಟ್ಟಿತು. ನದಿಯ ಮೇಲಣ ಭಾಗಕ್ಕೆ ಮಾತ್ರ ಗ್ರಾಂಟ ಎಂಬ ಹಳೆಯ ಹೆಸರು ಇಂದಿಗೂ ಉಳಿದಿದೆ.

ಜಾನಪದ ವಿದ್ಯಾರ್ಥಿಗೆ ಇದಕ್ಕಿಂತ ಕುತೂಹಲಕರವಾದುದು ಆ ಹೆಸರಿನಿಂದ ಹುಟ್ಟಿದ ಐತಿಹ್ಯ. 1209ರ ಸುಮಾರಿಗೆ ಆಕ್ಸ್‌ಫರ್ಡಿನಿಂದ ಬಂದ ವಿದ್ವಾಂಸರಿಂದ ಇಲ್ಲಿ ವಿಶ್ವವಿದ್ಯಾಲಯ ಮೊದಲಾಯಿತೆಂಬುದು ಚರಿತ್ರೆ. ಆದರೆ ಊರಿನ ಲ್ಯಾಟಿನ್ ಹೆಸರಾದ 'ಕ್ಯಾಂಟಬ್ರಿಜಿಯ' ಎಂಬುದನ್ನು ಹಿಡಿದು, ಸ್ಪೇನ್ ದೇಶದ ಕ್ಯಾಂಟಬರ್ ಎಂಬ ರಾಜಕುಮಾರ ಅಥೆನ್ಸಿನ ತತ್ತ್ವಜ್ಞಾನಿಗಳನ್ನು ಕರೆತಂದು ಈ ವಿದ್ಯಾಪೀಠವನ್ನು ಸ್ಥಾಪಿಸಿದನೆಂಬ ಕಥೆಯೊಂದು 15ನೆಯ ಶತಮಾನದ ಹೊತ್ತಿಗೆ ಪ್ರಚಾರಕ್ಕೆ ಬಂದಿತು. ಹಳೆಯ ಹೆಸರನ್ನೂ ಬಿಡಲಾಗದ್ದರಿಂದ, ಅವನಿಗೆ ಗ್ರಾಂಟಿನಸ್ ಎಂಬ ಮಗನನ್ನು ಕಲ್ಪಿಸಿ, ಸೇತುವೆಯನ್ನು ಅವನಿಂದ ಕಟ್ಟಿಸಲಾಯಿತು. 1564ರಲ್ಲಿ ಎಲಿಜಬೆತ್ ರಾಣಿ ಕೇಂಬ್ರಿಜ್ಜಿಗೆ ಬಂದಾಗ, ಎರಡು ವಿದ್ಯಾಪೀಠಗಳಲ್ಲಿ ಯಾವುದು ಹಿರಿಯದೆಂಬ ವಾದ ಎದ್ದಿತು. 1568ರಲ್ಲಿ ಜಾನ್ ಕೀಸ್ ಎಂಬ ವಿದ್ವಾಂಸ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ಯಾಂಟಬರನೇ ಪ್ರಮಾಣಪುರುಷ. ಆಕ್ಸ್‌ಫರ್ಡಿನವರು ತಮ್ಮ ಪಾಲಿಗೆ ಆಲ್ಫ್ರೆಡ್ ದೊರೆಯನ್ನು ಮುಂದೊಡ್ಡಿದರು.

ಇಲ್ಲಿ ನಾವು ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಹೆಸರು ಮೊದಲು ಬದಲಾಗುತ್ತದೆ, ಕಥೆ ಅನಂತರ ಹುಟ್ಟುತ್ತದೆ. ಎರಡನೆಯದಾಗಿ, ಬದಲಾದ ಹೆಸರು ಸುತ್ತಲಿನ ಇತರ ಹೆಸರುಗಳನ್ನೂ ಬದಲಿಸುತ್ತದೆ. ಮೂರನೆಯದಾಗಿ, ಇಂತಹ ಕಥೆ ಕೇವಲ ಮನರಂಜನೆಗಾಗಿ ಹುಟ್ಟುವುದಿಲ್ಲ. ಅದರ ಹಿಂದೆ ಹಿರಿತನ, ಹಕ್ಕು ಅಥವಾ ಗೌರವದ ಪ್ರಶ್ನೆಯಿರುತ್ತದೆ. ಈ ಮೂರು ಅಂಶಗಳೂ ನಮ್ಮ ಬಾರಕೂರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆಯೆಂಬುದನ್ನು ಮುಂದೆ ನೋಡಬಹುದು.

ಬಾರಕೂರು: ಶಾಸನ, ಕಡಲು ಮತ್ತು ನಾಲಗೆ

ಸೀತಾನದಿಯ ದಡದಲ್ಲಿರುವ ಬಾರಕೂರು ಇಂದು ಬ್ರಹ್ಮಾವರ ತಾಲೂಕಿನ ಒಂದು ಗ್ರಾಮ. ಆದರೆ ಆಳುಪ ಅರಸರು ಉದ್ಯಾವರವನ್ನು ಬಿಟ್ಟ ಮೇಲೆ ಇದು ಅವರ ರಾಜಧಾನಿಯಾಗಿತ್ತು. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ, ಆಳುಪ ವಂಶದ ಚಿಕ್ಕಾಯಿ ತಾಯಿ 14ನೆಯ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿಂದ ಆಳಿದಳು. ವಿಜಯನಗರದ ಆಳ್ವಿಕೆಯಲ್ಲಿ ತುಳುನಾಡನ್ನು ಬಾರಕೂರು ರಾಜ್ಯ ಮತ್ತು ಮಂಗಳೂರು ರಾಜ್ಯವೆಂದು ಎರಡಾಗಿ ವಿಂಗಡಿಸಿದಾಗ, ಉತ್ತರ ಭಾಗದ ಆಡಳಿತ ಕೇಂದ್ರವಾಗಿ ಇದು ಮುಂದುವರಿಯಿತು. ಕತ್ತಲೆ ಬಸದಿ, ಪಂಚಲಿಂಗೇಶ್ವರ ದೇವಾಲಯ, ಚೌಳಿಕೇರಿಯ ಗಣಪತಿ ದೇವಾಲಯ, ಕೋಟೆಯ ಅವಶೇಷಗಳು ಆ ಕಾಲದ ವೈಭವವನ್ನು ನೆನಪಿಸುತ್ತವೆ. ದಿನಕ್ಕೊಂದರಂತೆ ವರ್ಷಕ್ಕೆ 365 ದೇವಾಲಯಗಳು ಇಲ್ಲಿದ್ದುವೆಂದು ಜನ ಹೇಳುತ್ತಾರೆ. ಇದನ್ನು ಎಣಿಕೆಯೆಂದು ತಿಳಿಯದೆ, ರಾಜಧಾನಿಯಾಗಿದ್ದ ಕಾಲದ ನೆನಪು ಎಂದು ತಿಳಿಯುವುದು ಯುಕ್ತ.

ಈ ಊರಿನ ಹೆಸರು ಮೂರು ಬಗೆಯ ಆಕರಗಳಲ್ಲಿ ಮೂರು ರೂಪಗಳಲ್ಲಿ ದೊರೆಯುತ್ತದೆ. ಶಾಸನಗಳಲ್ಲಿ 'ಬಾರಕನ್ಯಾಪುರ', 'ಬಾರಹಕನ್ಯಾಪುರ' ಎಂಬ ಸಂಸ್ಕೃತಮಯ ರೂಪಗಳೂ, 'ಬಾರಕನೂರು', 'ಬಾರಕೂರು' ಎಂಬ ದೇಶೀ ರೂಪಗಳೂ ಇವೆ. ಎರಡನೆಯದು ಕಡಲಯಾನಿಗಳ ಬರಹ. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಪ್ರಯಾಣ ಮಾಡಿದ ಮೊರಾಕ್ಕೋದ ಇಬ್ನ್ ಬತೂತ ಈ ಊರನ್ನು 'ಫಾಕನೂರ್' ಎಂದು ಕರೆದಿದ್ದಾನೆ. ಅಳಿವೆಯ ಮೇಲಿರುವ ದೊಡ್ಡ ಊರಿದು, ಇಲ್ಲಿ ಕಬ್ಬು ಹೇರಳವಾಗಿ ಬೆಳೆಯುತ್ತದೆ, ಇಲ್ಲಿಯ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳಿವೆ, ಹಾದುಹೋಗುವ ಹಡಗುಗಳು ಲಂಗರು ಹಾಕಿ ಕಾಣಿಕೆ ಸಲ್ಲಿಸಬೇಕು ಎಂದು ಅವನು ತಿಳಿಸುತ್ತಾನೆ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸ ಇದನ್ನು 'ಬಾಕನೋರ್' ಎಂದು ಬರೆದು, ಇಲ್ಲಿಂದ ಅಕ್ಕಿ ರಫ್ತಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಮೂರನೆಯದು ಇಂದಿನ ಜನರ ನಾಲಗೆಯ ರೂಪ. ಕುಂದಾಪುರ ಕನ್ನಡದಲ್ಲಿ ಇದು 'ಬಾರ್ಕೂರ್'.

ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಹತ್ವದ ಸಂಗತಿಯೊಂದು ಹೊರಬೀಳುತ್ತದೆ. ಕಡಲಯಾನಿಗಳ ಫಾಕನೂರ್, ಬಾಕನೋರ್ ರೂಪಗಳಲ್ಲಿ 'ಪುರ' ಎಂಬ ಅಂತ್ಯವಿಲ್ಲ; 'ಕನ್ಯಾ' ಎಂಬುದೂ ಇಲ್ಲ. ಅಲ್ಲಿರುವುದು 'ಕನೂರು'. ರಾಜಾಸ್ಥಾನದಲ್ಲಿ ಲಿಪಿಕಾರನು ಬಾರಕನ್ಯಾಪುರವೆಂದು ಕಂಡರಿಸುತ್ತಿದ್ದ ಕಾಲದಲ್ಲಿಯೇ ಬಂದರಿನಲ್ಲಿ ಹಮಾಲಿಗಳು, ಅಂಬಿಗರು, ವರ್ತಕರು ಬಾರಕನೂರೆಂದೇ ಆಡುತ್ತಿದ್ದರೆಂಬುದಕ್ಕೆ ಈ ಪರದೇಶದ ಕಿವಿಗಳೇ ಸಾಕ್ಷಿ. ಸಂಸ್ಕೃತ ತಿಳಿಯದ ಪ್ರವಾಸಿ ತಾನು ಕೇಳಿದ್ದನ್ನು ತನ್ನ ಲಿಪಿಗೆ ಒಗ್ಗಿದಂತೆ ಬರೆದುಕೊಂಡನು. ಆದ್ದರಿಂದ ಜನಬಳಕೆಯ ರೂಪ ಅವನಲ್ಲಿ ಉಳಿಯಿತು. ಅರಬ್ಬೀ ಲಿಪಿಯಲ್ಲಿ ಪಕಾರವಿಲ್ಲದ್ದರಿಂದ ಅಲ್ಲಿ ಫಕಾರ ಬರುವುದು ವಾಡಿಕೆ. ಹಾಗಾದರೆ ಇಬ್ನ್ ಬತೂತ ಕೇಳಿದ್ದು 'ಪಾಕನೂರು' ಎಂಬಂತಹ ಉಚ್ಚಾರಣೆ. ಪದದ ಮೊದಲಲ್ಲಿ ಬಕಾರವನ್ನು ಪಕಾರವಾಗಿ ನುಡಿಯುವುದು ಮಲೆಯಾಳದ ಕಡೆಯ ನಾವಿಕರ ರೂಢಿಯಾಗಿರಬಹುದೆಂದು ಊಹಿಸಿದರೆ, ಈ ಹೆಸರು ಅವನಿಗೆ ಯಾರ ಬಾಯಿಂದ ತಲುಪಿತೆಂಬುದಕ್ಕೂ ಒಂದು ಸುಳಿವು ದೊರೆತಂತಾಗುತ್ತದೆ.

ಆದ್ದರಿಂದ ಒಂದು ಹೆಸರು ಹೋಗಿ ಇನ್ನೊಂದು ಬಂದಿತೆಂಬ ಸರಳ ಕ್ರಮವನ್ನು ನಾವು ಕಲ್ಪಿಸಿಕೊಳ್ಳಬೇಕಾಗಿಲ್ಲ. ಬಾರಕನ್ಯಾಪುರ, ಬಾರಕನೂರು, ಬಾರಕೂರು ಇವು ಒಂದೇ ಕಾಲದಲ್ಲಿ ಬೇರೆ ಬೇರೆ ಜನರ ಬಳಕೆಯಲ್ಲಿದ್ದ ಹೆಸರುಗಳು. 'ಬಾರಕನೂರು' ಎಂಬಲ್ಲಿಯ 'ನ'ಕಾರ ಸವೆದು 'ಬಾರಕೂರು' ಆದುದು ಆಡುಮಾತಿನ ಸಹಜ ನಡೆ. ವಿಜಯನಗರದ ಆಡಳಿತ ಅದನ್ನೇ ರಾಜ್ಯದ ಹೆಸರಾಗಿ ಸ್ವೀಕರಿಸಿತು. ಕೊನೆಗೆ ಉಳಿದದ್ದು ಜನರ ರೂಪವೇ ಎಂಬುದು ಗಮನಾರ್ಹ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಈ ರೂಪಗಳನ್ನೆಲ್ಲ ಓದಿ ಹೇಳಿದಾಗ ಅಲ್ಲಿಯ ಹಿರಿಯರೊಬ್ಬರು ನಕ್ಕು, “ಪುಸ್ತಕದಗೆ ನೀವ್ ಎಂತ ಬೇಕಾರೂ ಬರ್ಕಣಿ, ನಮ್ಗ್ ಇದ್ ಬಾರ್ಕೂರೇ” ಎಂದರು. ಆರುನೂರೆಂಬತ್ತು ವರ್ಷಗಳ ಹಿಂದೆ ಅಳಿವೆಯ ಬಾಯಲ್ಲಿ ನಿಂತಿದ್ದ ಅಂಬಿಗನೂ ಹೀಗೆಯೇ ಹೇಳಿದ್ದಿರಬೇಕು.

ಹನ್ನೆರಡು ಕನ್ಯೆಯರ ಐತಿಹ್ಯ

ಬಾರಹಕನ್ಯಾಪುರವೆಂಬ ಹೆಸರಿಗೆ ಜನಪದರಲ್ಲಿ ಪ್ರಚಲಿತವಿರುವ ಕಥೆ ಪ್ರಸಿದ್ಧವಾಗಿದೆ. ಇಲ್ಲಿಯ ಅರಸನು ಹನ್ನೆರಡು ಮಂದಿ ಜೈನ ಕನ್ಯೆಯರನ್ನು ಒಂದೇ ದಿನ ಮದುವೆಯಾದನಂತೆ. ಅದರಿಂದ ಊರಿಗೆ ಈ ಹೆಸರಾಯಿತಂತೆ. ಆ ಅರಸನು ಭೂತಾಳಪಾಂಡ್ಯನೆಂದು ಹಲವರು ಹೇಳುತ್ತಾರೆ. ಕಥೆಯನ್ನು ಭಾಷೆಯ ದೃಷ್ಟಿಯಿಂದ ಪರಿಶೀಲಿಸಿದರೆ ಅದರ ತೊಡಕು ಬೇಗನೆ ಕಾಣುತ್ತದೆ. 'ಬಾರಹ' ಎಂದರೆ ಹನ್ನೆರಡು ಎಂಬ ಅರ್ಥ ಕನ್ನಡದಲ್ಲಿಯೂ ಇಲ್ಲ, ತುಳುವಿನಲ್ಲಿಯೂ ಇಲ್ಲ. ಅದು ಕೊಂಕಣಿ, ಮರಾಠಿ, ಹಿಂದಿ ಮೊದಲಾದ ಭಾಷೆಗಳ ಸಂಖ್ಯಾವಾಚಕ. ಕನ್ನಡ ಮತ್ತು ತುಳು ಮಾತನಾಡುವ ನಾಡಿನ ಅರಸು ತನ್ನ ಮದುವೆಯ ನೆನಪಿಗೆ ಉತ್ತರದ ಭಾಷೆಯ ಸಂಖ್ಯೆಯನ್ನು ಸಂಸ್ಕೃತದ ಕನ್ಯಾಶಬ್ದಕ್ಕೆ ಜೋಡಿಸಿದನೆಂಬುದು ಸಂಭಾವ್ಯವಲ್ಲ. ಬಾರಕನೂರು ಎಂಬ ದೇಶೀ ಹೆಸರನ್ನು ಸಂಸ್ಕೃತದ ಹೆಸರಿನಂತೆ ಕಾಣಿಸಲು ಲಿಪಿಕಾರನು 'ಕನೂರು' ಎಂಬುದನ್ನು 'ಕನ್ಯಾಪುರ'ವಾಗಿಸಿದನು. ಆಮೇಲೆ ಆ ಕನ್ಯೆಯರು ಯಾರು, ಎಷ್ಟು ಮಂದಿ ಎಂಬ ಪ್ರಶ್ನೆಗೆ ಕಥೆ ಉತ್ತರ ಹೇಳಿತು. ಕೇಂಬ್ರಿಜ್ಜಿನ ಕ್ಯಾಂಟಬರ್ ಹುಟ್ಟಿದ ದಾರಿಯೂ ಇದೇ.

ಹಾಗೆಂದು ಈ ಕಥೆಯನ್ನು ಬದಿಗೆ ಸರಿಸುವಂತಿಲ್ಲ. 'ಬಾರ' ಎಂಬುದನ್ನು ಹನ್ನೆರಡು ಎಂದು ಕೇಳಿಸಿಕೊಂಡ ಕಿವಿ ಯಾವುದು? ಅದು ಕೊಂಕಣಿ ಅಥವಾ ಅದರ ಬಳಗದ ಭಾಷೆಯೊಂದನ್ನು ಬಲ್ಲ ಕಿವಿಯಾಗಿರಬೇಕು. ಎಂದರೆ ಬಂದರಿನ ವ್ಯಾಪಾರದ ಮೂಲಕ ಆ ಭಾಷೆಯ ಜನ ಇಲ್ಲಿ ನೆಲಸಿದ್ದರು ಅಥವಾ ಇಲ್ಲಿಯವರಿಗೆ ಆ ಭಾಷೆಯ ಪರಿಚಯ ಸಾಕಷ್ಟಿತ್ತು. ಕನ್ಯೆಯರು ಜೈನರೆಂಬ ಅಂಶವೂ ಆಕಸ್ಮಿಕವಲ್ಲ. ಬಸದಿಗಳ ಊರಿನಲ್ಲಿ ಜೈನ ಮನೆತನಗಳಿಗೂ ಅರಸು ಮನೆತನಕ್ಕೂ ಇದ್ದ ಸಂಬಂಧದ ನೆನಪು ಅದರಲ್ಲಿ ಅಡಗಿದೆ. ಕಥೆ ಹೆಸರಿನ ಮೂಲವನ್ನು ಹೇಳದಿದ್ದರೂ ಕಥೆ ಕಟ್ಟಿದವರ ಲೋಕವನ್ನು ಹೇಳುತ್ತದೆ.

ಬಾರಕೂರಿನ ಐತಿಹ್ಯಗಳು ಕೇವಲ ಹೆಸರಿನ ಮಟ್ಟದಲ್ಲಿ ನಿಂತವಲ್ಲವೆಂಬುದಕ್ಕೆ ಭೂತಾಳಪಾಂಡ್ಯನ ಕಥೆಯೇ ನಿದರ್ಶನ. ದೇವಪಾಂಡ್ಯನ ಹಡಗುಗಳು ಕಡಲಿಗಿಳಿಯಲು ಕುಂಡೋದರನೆಂಬ ಭೂತ ನರಬಲಿಯನ್ನು ಕೇಳಿದಾಗ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ; ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಅವನನ್ನು ಉಳಿಸಿತು, ಆಸ್ತಿ ಅಳಿಯನಿಗೆ ಸಂದಿತು. ಅಳಿಯಸಂತಾನ ಪದ್ಧತಿಯ ಮೂಲವನ್ನು ಹೇಳುವ ಈ ಕಥೆ ಮತ್ತು ಭೂತಾಳಪಾಂಡ್ಯನ ಹೆಸರಿನಲ್ಲಿ ಬಂದ ಕಟ್ಟು, ಬ್ರಿಟಿಷ್ ಆಡಳಿತಕಾಲದ ನ್ಯಾಯಾಲಯಗಳಲ್ಲಿ ಪ್ರಮಾಣವಾಗಿ ಚರ್ಚೆಗೆ ಒಳಗಾದವು. ಮದರಾಸು ಸರಕಾರದ 1949ರ ಅಳಿಯಸಂತಾನ ಕಾಯಿದೆ ಬರುವವರೆಗೂ ನೂರಾರು ಕುಟುಂಬಗಳ ಆಸ್ತಿಯ ಪ್ರಶ್ನೆಗಳು ಈ ಪದ್ಧತಿಯ ಸುತ್ತ ನಡೆದವು. ಒಂದು ಐತಿಹ್ಯ ನಿಜವೇ ಸುಳ್ಳೇ ಎಂಬುದು ಕೆಲವೊಮ್ಮೆ ಒಂದು ಮನೆಯ ಗದ್ದೆ ಯಾರಿಗೆ ಸೇರಬೇಕೆಂಬ ಪ್ರಶ್ನೆಯೂ ಆಗಿರುತ್ತದೆಂಬುದನ್ನು ಸಂಶೋಧಕರು ಮರೆಯಬಾರದು.

ಬಸರೂರು: ಒಂದೇ ಊರಿನ ನಾಲ್ಕು ಕಿವಿಗಳು

ಹಳೆಯ ಪ್ರವಾಸಕಥನಗಳಲ್ಲಿ ಬಾರಕೂರಿನ ಜೊತೆಗೇ ಬರುವ ಇನ್ನೊಂದು ಹೆಸರು ಬಸರೂರಿನದು. ವಾರಾಹಿ ನದಿಯ ದಡದ ಈ ಊರು ಮೂಡುಕೇರಿ, ಪಡುಕೇರಿಗಳ ವರ್ತಕ ಸಂಘಗಳಿಂದ ಹೆಸರಾಗಿತ್ತು; ಇಲ್ಲಿಯ ಶಾಸನಗಳಲ್ಲಿ 'ಹಲರು' ಎಂಬ ಸಂಘದ ಉಲ್ಲೇಖಗಳಿವೆ. ಕನ್ನಡದಲ್ಲಿ ಬಸರೂರು, ಬಸುರೆಪಟ್ಟಣ; ಸಂಸ್ಕೃತದಲ್ಲಿ ವಸುಪುರ; ಅರಬ್ಬೀಯಲ್ಲಿ 'ಅಬೂ ಸರೂರ್'; ಪೋರ್ಚುಗೀಸಿನಲ್ಲಿ 'ಬಾರ್ಸೆಲೋರ್'.

ಇಬ್ನ್ ಬತೂತ ಬರೆದ 'ಅಬೂ ಸರೂರ್' ಎಂಬ ರೂಪ ಜಾನಪದದ ದೃಷ್ಟಿಯಿಂದ ಸ್ವಾರಸ್ಯಕರವಾದುದು. ಅರಬ್ಬರ ಹೆಸರುಗಳಲ್ಲಿ 'ಅಬೂ' ಎಂದರೆ ತಂದೆ. ಬಸರೂರಿನ 'ಬ'ಕಾರದ ಮುಂದೆ ಒಂದು ಸ್ವರವನ್ನಿಟ್ಟು ಅರಬರು ಅದನ್ನು ತಮಗೆ ಪರಿಚಿತವಾದ ವ್ಯಕ್ತಿನಾಮದ ಮಾದರಿಗೆ ತಂದುಕೊಂಡರು. ಪೋರ್ಚುಗೀಸರು ಅಕ್ಷರಗಳನ್ನು ಹಿಂದುಮುಂದಾಗಿಸಿ ಬಾರ್ಸೆಲೋರ್ ಎಂದರು. ಅವರ ದೇಶದಲ್ಲಿ ಬಾರ್ಸೆಲೊಸ್ ಎಂಬ ಊರಿರುವುದರಿಂದ ಆ ಉಚ್ಚಾರಣೆಗೆ ಅವರ ನಾಲಗೆ ಮೊದಲೇ ಪಳಗಿತ್ತೆನ್ನಬಹುದು. ನಮ್ಮ ಪಂಡಿತರು ವಸು ಚಕ್ರವರ್ತಿಯ ಊರೆಂದು ವಸುಪುರವೆಂದರು. ಹೀಗೆ ಅರ್ಥ ತಿಳಿಯದ ಹೆಸರಿಗೆ ತನ್ನ ಭಾಷೆಯ ಅರ್ಥವನ್ನು ತೊಡಿಸುವ ಪ್ರವೃತ್ತಿ ಯಾವುದೋ ಒಂದು ಜನಾಂಗದ್ದಲ್ಲ, ಅದು ಸಾರ್ವತ್ರಿಕ.

ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಬಾರಕನ್ಯಾಪುರದಂತೆ ವಸುಪುರವನ್ನೂ ಒಮ್ಮೆಗೇ ಕೃತಕವೆಂದು ತೀರ್ಮಾನಿಸುವುದು ಸಾಧ್ಯವಿಲ್ಲ. ಸಂಸ್ಕೃತದ ವಕಾರ ಕನ್ನಡದ ತದ್ಭವಗಳಲ್ಲಿ ಬಕಾರವಾಗುವುದು ಸಾಮಾನ್ಯ. ಇಬ್ನ್ ಬತೂತನೇ ಫಾಕನೂರಿನ ಅರಸನನ್ನು 'ಬಾಸದವ್' ಎಂದು ಕರೆದಿದ್ದಾನೆ; ಇದು ವಾಸುದೇವನೆಂಬ ಹೆಸರಿನ ಬಳಕೆಯ ರೂಪ. ವಾಸುದೇವ ಬಾಸದೇವನಾದ ನಾಡಿನಲ್ಲಿ ವಸು ಬಸುವಾಗುವುದು ಅಸಹಜವಲ್ಲ. ಆದ್ದರಿಂದ ಪ್ರತಿಯೊಂದು ಹೆಸರನ್ನೂ ಅದರದರ ಸಾಕ್ಷ್ಯದ ಮೇಲೆಯೇ ತೂಗಬೇಕೇ ಹೊರತು ಸಂಸ್ಕೃತರೂಪವೆಲ್ಲ ಅನಂತರದ್ದೆಂಬ ಸಿದ್ಧಸೂತ್ರವನ್ನು ಅನ್ವಯಿಸಬಾರದು.

ಪೋರ್ಚುಗೀಸರು 1569ರಲ್ಲಿ ಇಲ್ಲಿ ನೆಲೆಯೂರಿ ಕೋಟೆ ಕಟ್ಟಿಕೊಂಡರು. ಅಳಿವೆಯ ಕಡೆಗಿದ್ದ ಅವರ ನೆಲೆ ಕೆಳಗಿನ ಬಾರ್ಸೆಲೋರ್, ಒಳನಾಡಿನ ವರ್ತಕರ ಪಟ್ಟಣ ಮೇಲಿನ ಬಾರ್ಸೆಲೋರ್ ಎಂದಾಯಿತು. 1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದಾನೆ. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಬಸರೂರನ್ನು ಕೊಳ್ಳೆಹೊಡೆಯಿತು. ಮುಂದೆ ವ್ಯಾಪಾರ ಅಳಿವೆಯ ಸಮೀಪದ ಕುಂದಾಪುರಕ್ಕೆ ಸರಿಯಿತು. ಆಗ ಬಾರ್ಸೆಲೋರ್ ಎಂಬ ಹೆಸರು ಭೂಪಟಗಳಲ್ಲಿ ಉಳಿಯಿತು. ಬಸರೂರೆಂಬ ಹೆಸರು ಊರಿನಲ್ಲಿ ಉಳಿಯಿತು.

ಹೆಸರು ಬದಲಾಗುವ ಬಗೆಗಳು

ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ಕರಾವಳಿಯ ಊರ ಹೆಸರುಗಳು ಸಂಸ್ಕೃತರೂಪವನ್ನು ಪಡೆದ ಬಗೆಗಳನ್ನು ಮೂರಾಗಿ ವಿಂಗಡಿಸಬಹುದು.

ಒಂದು, ಅರ್ಥಾನುವಾದ. ಬಿದಿರಿನಿಂದಾದ ಮೂಡುಬಿದಿರೆ ವೇಣುಪುರವಾದುದು ಇದಕ್ಕೆ ಉತ್ತಮ ನಿದರ್ಶನ. ಇಲ್ಲಿ ಧ್ವನಿ ಬದಲಾದರೂ ಅರ್ಥ ಉಳಿಯುತ್ತದೆ. ಎರಡು, ಧ್ವನ್ಯನುಸರಣೆ. ಬಾರಕನೂರು ಬಾರಕನ್ಯಾಪುರವಾದುದು ಈ ಬಗೆಯದು. ಇಲ್ಲಿ ಧ್ವನಿ ಉಳಿದು ಅರ್ಥ ಹೊಸದಾಗುತ್ತದೆ. ಹೊಸ ಅರ್ಥಕ್ಕೆ ಕಥೆಯ ಬೆಂಬಲ ಬೇಕಾಗುತ್ತದೆ. ಬೈಂದೂರು ಬಿಂದುಪುರವೆಂಬ ಹೇಳಿಕೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ 'ಬೈದೂರು' ಎಂಬ ಅನುಸ್ವಾರವಿಲ್ಲದ ರೂಪವನ್ನು ಕೊಟ್ಟಿದ್ದಾನೆ. ಬಿಂದುವಿಗೆ ಅನುಸ್ವಾರ ಅಗತ್ಯ. ಆದ್ದರಿಂದ ಈ ರೂಪಭೇದ ಸಂಶೋಧಕರ ಗಮನಕ್ಕೆ ಅರ್ಹವಾದುದು. ಮೂರು, ಗೌರವನಾಮ. ಉಡುಪಿಯನ್ನು ರಜತಪೀಠಪುರವೆನ್ನುವುದು ಈ ಬಗೆಯದು. ಇಲ್ಲಿ ಧ್ವನಿಗೂ ಸಂಬಂಧವಿಲ್ಲ, ಅರ್ಥಕ್ಕೂ ಸಂಬಂಧವಿಲ್ಲ; ಕ್ಷೇತ್ರದ ಮಹಿಮೆಯೊಂದೇ ಆಧಾರ. ಈ ಮೂರರಲ್ಲಿ ಐತಿಹ್ಯಗಳ ಸೃಷ್ಟಿಗೆ ಅತಿ ಹೆಚ್ಚು ಎಡೆಗೊಡುವುದು ಎರಡನೆಯದೆಂಬುದು ನನ್ನ ಅವಲೋಕನ.

ಹಿರಿ-ಕಿರಿ, ಮೂಡು-ಪಡು

ಇದಕ್ಕೆ ವಿರುದ್ಧವಾಗಿ, ಜನಪದರು ತಾವೇ ಇಟ್ಟ ಹೆಸರುಗಳು ಬಹಳ ನೇರವಾದವು. ಎರಡು ಊರುಗಳಿಗೆ ಒಂದೇ ಹೆಸರಿದ್ದಾಗ ದಿಕ್ಕು ಅಥವಾ ಗಾತ್ರವನ್ನು ಸೇರಿಸಿ ಬೇರ್ಪಡಿಸುವುದು ಅವರ ಕ್ರಮ. ಮೂಡುಬಿದಿರೆ ಮತ್ತು ಪಡುಬಿದ್ರಿ, ತೆಂಕನಿಡಿಯೂರು ಮತ್ತು ಬಡಾನಿಡಿಯೂರು, ತೆಂಕ ಎರ್ಮಾಳು ಮತ್ತು ಬಡಾ ಎರ್ಮಾಳು ಇಂತಹ ಜೋಡಿಗಳು. ಇಲ್ಲಿ ದೇವತೆಯೂ ಇಲ್ಲ, ಚಕ್ರವರ್ತಿಯೂ ಇಲ್ಲ. ನಡೆದು ಹೋಗುವವನಿಗೆ ದಾರಿ ತಪ್ಪಬಾರದೆಂಬ ಕಾಳಜಿ ಮಾತ್ರ ಇದೆ.

ಅಗಸ್ತ್ಯೇಶ್ವರ ದೇವಾಲಯವಿರುವ ಕಿರಿಮಂಜೇಶ್ವರದ ಹೆಸರನ್ನೂ ಈ ಬೆಳಕಿನಲ್ಲಿ ನೋಡಬೇಕು. 'ಕಿರಿ' ಎಂಬ ವಿಶೇಷಣ ತಾನೊಂದೇ ನಿಲ್ಲುವುದಿಲ್ಲ. ಅದು ಹಿರಿದೊಂದನ್ನು ನೆನೆದೇ ಹುಟ್ಟುತ್ತದೆ. ಕರಾವಳಿಯ ತೆಂಕಣ ತುದಿಯಲ್ಲಿ, ಈಗಿನ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರವಿದೆ. ಅದು ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಊರು. ತುಳುನಾಡಿನ ಚರಿತ್ರೆಯ ಬಗೆಗೆ ಆಳವಾಗಿ ಚಿಂತಿಸಿದ ಆ ವಿದ್ವಾಂಸರನ್ನು ಇಂತಹ ಚರ್ಚೆಯಲ್ಲಿ ಸ್ಮರಿಸುವುದು ಉಚಿತ. ಆ ಮಂಜೇಶ್ವರವನ್ನು ಬಲ್ಲ ಜನರೇ ಬಡಗಣ ಈ ಸಣ್ಣ ಊರನ್ನು ಕಿರಿಮಂಜೇಶ್ವರವೆಂದು ಕರೆದರೆಂದು ಊಹಿಸಲು ಅವಕಾಶವಿದೆ. ಹಾಗಿದ್ದರೆ ಈ 'ಕಿರಿ' ಎಂಬ ಎರಡಕ್ಷರ, ಕರಾವಳಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಜನರು ಒಂದೇ ನಾಡಾಗಿ ಓಡಾಡುತ್ತಿದ್ದುದರ ದಾಖಲೆ.

1956ರ ನವೆಂಬರ್ 1ರವರೆಗೆ ಎರಡೂ ಮಂಜೇಶ್ವರಗಳು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯೊಳಗಿದ್ದವು. ಅಂದು ಕಿರಿಯದು ಮೈಸೂರು ರಾಜ್ಯಕ್ಕೆ, ಹಿರಿಯದು ಕೇರಳಕ್ಕೆ ಸೇರಿತು. ಹೆಸರಿಗೆ ಮಾತ್ರ ಗಡಿ ತಾಗಲಿಲ್ಲ. ನಮ್ಮ ಊರನ್ನು ಹೆಸರಿಸಿದಾಗಲೆಲ್ಲ ನಾವು ತಿಳಿಯದೆಯೇ ಗಡಿಯಾಚೆಯ ಅಣ್ಣನನ್ನು ನೆನೆಯುತ್ತಿದ್ದೇವೆ. ಒಂದು ವೇಳೆ ಯಾರಾದರೂ ಉತ್ಸಾಹದಿಂದ ಈ 'ಕಿರಿ' ಎಂಬುದು ಗೌರವಕ್ಕೆ ಕುಂದೆಂದು ಭಾವಿಸಿ ಅದನ್ನು ಬಿಟ್ಟರೆ, ಅಥವಾ 'ಶ್ರೀ' ಎಂದು ತಿದ್ದಿದರೆ, ಊರಿನ ಮಹತ್ವ ಹೆಚ್ಚುವುದಿಲ್ಲ. ಈ ಸಂಬಂಧದ ಏಕೈಕ ಸಾಕ್ಷಿ ಇಲ್ಲವಾಗುತ್ತದೆ.

ಆಡಳಿತ ಮತ್ತು ಹೆಸರು

ಆಧುನಿಕ ಕಾಲದಲ್ಲಿ ಹೆಸರನ್ನು ಬದಲಿಸುವ ದೊಡ್ಡ ಶಕ್ತಿ ಕಚೇರಿ. 'ಕನ್ನಡ' ಎಂಬುದು ಪೋರ್ಚುಗೀಸರ ಬಾಯಲ್ಲಿ 'ಕೆನರಾ' ಆಗಿ, 1799ರ ಅನಂತರ ಕುಂಪಣಿ ಸರಕಾರದ ಜಿಲ್ಲೆಯ ಹೆ�ಸರಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿಯಿತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾಗಿ ಅಸ್ತಿತ್ವಕ್ಕೆ ಬಂದವು. ಕಿರಿಮಂಜೇಶ್ವರ ಕುಂದಾಪುರ ತಾಲೂಕಿನಿಂದ ಬೈಂದೂರಿಗೆ ಸೇರಿತು. 2014ರ ನವೆಂಬರ್ 1ರಂದು ಕರ್ನಾಟಕ ಸರಕಾರ ಹನ್ನೆರಡು ನಗರಗಳ ಇಂಗ್ಲಿಷ್ ರೂಪಗಳನ್ನು ಬದಲಿಸಿ ಮಂಗಳೂರು, ಮೈಸೂರು, ಬೆಂಗಳೂರು ಮುಂತಾದ ಕನ್ನಡದ ಉಚ್ಚಾರಣೆಗೆ ಮಾನ್ಯತೆ ಕೊಟ್ಟಿತು. ಜನರ ನಾಲಗೆಯ ರೂಪಕ್ಕೆ ಸಂದ ಈ ಗೌರವ ಸ್ವಾಗತಾರ್ಹ.

ಆದರೆ ಕಚೇರಿಯ ಕಣ್ಣಿಗೆ ಬೀಳದ ಹೆಸರುಗಳೂ ಇವೆ. ಬಾರಕೂರಿನ ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ, ಮೂಡುಕೇರಿ, ಭಂಡಾರಕೇರಿಗಳಂತಹ ಕೇರಿಗಳ ಹೆಸರುಗಳಲ್ಲಿ ರಾಜಧಾನಿಯ ನಕ್ಷೆಯೇ ಅಡಗಿದೆ. ಮಣಿಗಾರರು ಎಲ್ಲಿದ್ದರು, ಭಂಡಾರ ಎಲ್ಲಿತ್ತು, ಕೋಟೆಯ ಒಳಗೆ ಯಾವುದು ಎಂಬುದನ್ನು ಅಗೆತವಿಲ್ಲದೆಯೇ ಇವು ಹೇಳುತ್ತವೆ. ಗದ್ದೆಗಳ, ಬಾವಿಗಳ, ದಿಬ್ಬಗಳ ಹೆಸರುಗಳು ಇವುಗಳಿಗಿಂತಲೂ ಸೂಕ್ಷ್ಮ. ಗದ್ದೆ ಮನೆಕಟ್ಟುವ ಜಾಗವಾಗಿ ಸರ್ವೆ ನಂಬರೊಂದೇ ಉಳಿದಾಗ ಆ ಹೆಸರು ಅದನ್ನು ಬಲ್ಲ ಕೊನೆಯ ತಲೆಮಾರಿನೊಂದಿಗೆ ಹೋಗುತ್ತದೆ. ಊರಿನ ಹೆಸರು ಬದಲಾದರೆ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ. ಗದ್ದೆಯ ಹೆಸರು ಅಳಿದರೆ ಯಾರಿಗೂ ತಿಳಿಯುವುದಿಲ್ಲ.

ಮಣ್ಣಪಳ್ಳ

ವಿದ್ಯಾನಗರವೊಂದರ ಹೆಸರಿನಿಂದ ಈ ಚರ್ಚೆಯನ್ನು ಆರಂಭಿಸಿದ್ದರಿಂದ, ನಮ್ಮ ಜಿಲ್ಲೆಯ ವಿದ್ಯಾನಗರದ ಹೆಸರಿನಿಂದಲೇ ಅದನ್ನು ಮುಗಿಸಬಹುದು. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ, 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ನೆಲೆಯಾದ ಮಣಿಪಾಲದ ಹೆಸರು ಮಣ್ಣಪಳ್ಳದಿಂದ ಬಂದದ್ದು; ಮಣ್ಣಿನ ಪಳ್ಳ, ಎಂದರೆ ಕೆರೆ. ಇಂಗ್ಲಿಷ್ ಬರವಣಿಗೆಯ ಮೂಲಕ ಹಾದುಬಂದ ಮಣಿಪಾಲವೆಂಬ ರೂಪದಲ್ಲಿ ಈಗ ಮಣ್ಣಿಗೆ ಬದಲಾಗಿ 'ಮಣಿ' ಕೇಳಿಸುತ್ತದೆ. ಆದರೆ ಆ ಕೆರೆಯನ್ನು ಜನ ಇಂದಿಗೂ ಮಣ್ಣಪಳ್ಳವೆಂದೇ ಕರೆಯುತ್ತಾರೆ. ಕೇಂಬ್ರಿಜ್ಜಿನಲ್ಲಿ ಊರಿನ ಹೆಸರು ಬದಲಾದರೂ ನದಿಯ ಮೇಲಣ ಭಾಗ ಗ್ರಾಂಟವಾಗಿಯೇ ಉಳಿದಂತೆ, ಇಲ್ಲಿಯೂ ಹಳೆಯ ಹೆಸರನ್ನು ನೀರು ಉಳಿಸಿಕೊಂಡಿದೆ. ಇನ್ನೂರು ವರ್ಷಗಳ ಅನಂತರ ಮಣಿಯ ಬಗೆಗೆ ಐತಿಹ್ಯವೊಂದು ಹುಟ್ಟಿದರೆ ಆಶ್ಚರ್ಯವಿಲ್ಲ. ಆಗ ಆ ಕೆರೆ ಮತ್ತು ಅದರ ಹೆಸರು ಉಳಿದಿದ್ದರೆ ಸತ್ಯವನ್ನು ಹುಡುಕುವವರಿಗೆ ದಾರಿಯಿರುತ್ತದೆ.

ಸಮಾರೋಪ

ಒಟ್ಟಿನಲ್ಲಿ ಹೇಳುವುದಾದರೆ, ಊರಿನ ಹೆಸರಿಗೆ ಒಂದೇ ಶುದ್ಧರೂಪವಿರುತ್ತದೆಂಬ ಕಲ್ಪನೆಯನ್ನು ಬಾರಕೂರು ಮತ್ತು ಬಸರೂರುಗಳ ಚರಿತ್ರೆ ಸಮರ್ಥಿಸುವುದಿಲ್ಲ. ಶಾಸನ ಅರಮನೆಯ ಹೆಸರನ್ನೂ, ಪ್ರವಾಸಿಯ ಬರಹ ಬಂದರಿನ ಹೆಸರನ್ನೂ, ಐತಿಹ್ಯ ಜನರ ನಂಬಿಕೆಯನ್ನೂ, ಆಡುಮಾತು ಬದುಕಿನ ಹೆಸರನ್ನೂ ಉಳಿಸಿಕೊಂಡಿವೆ. ಬಿ.ಎ. ಸಾಲೆತ್ತೂರು, ಕೆ.ವಿ. ರಮೇಶ್, ಪಿ. ಗುರುರಾಜ ಭಟ್ ಮೊದಲಾದ ಹಿರಿಯರು ತುಳುನಾಡಿನ ಶಾಸನಗಳ ಮತ್ತು ಅವಶೇಷಗಳ ಆಧಾರದಿಂದ ಚರಿತ್ರೆಯ ಚೌಕಟ್ಟನ್ನು ಕಟ್ಟಿಕೊಟ್ಟಿದ್ದಾರೆ. ಆ ಚೌಕಟ್ಟಿನೊಳಗೆ ಕೇರಿ, ಗದ್ದೆ, ಬಾವಿಗಳ ಹೆಸರುಗಳನ್ನು ಗ್ರಾಮ ಗ್ರಾಮಗಳಲ್ಲಿ ಸಂಗ್ರಹಿಸಿ ತುಂಬುವ ಕೆಲಸ ಜಾನಪದ ಅಧ್ಯಯನದ ಪಾಲಿಗೆ ಬಂದಿದೆ. ಇವನ್ನು ಕಲ್ಲಿನ ಮೇಲೆ ಯಾರೂ ಕೆತ್ತಿಲ್ಲ. ಹೇಳಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕಾದ ದಾಖಲೆಗಳಿವು.